ಬೀಜದಂತೆ ಇನ್ಸುಲಿನ್ನೂ ಜೋಪಾನ



ಬಿಸಿಲಿಗೆ ಕೆಟ್ಟ ಬೀಜ ನೋಡಲಿಕ್ಕೆ ಚಲೋನೇ ಇರ್ತದೆ, ಬಿತ್ತಿದರೆ ಮೊಳೆಯುವುದಿಲ್ಲ. ಸಕ್ಕರೆ ಕಾಯಿಲೆಯ ಇನ್ಸುಲಿನ್ನೂ ಹಾಗೇ. ಕೆಟ್ಟದ್ದು ಕಣ್ಣಿಗೆ ಕಾಣದಿರಬಹುದು; ತಪ್ಪದೆ ಚುಚ್ಚಿಕೊಂಡರೂ ರಕ್ತದ ಸಕ್ಕರೆ ಏರಿ ಜೀವಕ್ಕೆ ಅಪಾಯ.

ತೆರೆಯದ ಸೀಸೆಯನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿಡಿ. ಹೆಪ್ಪುಗಟ್ಟಿದ್ದನ್ನು ಬಳಸಬೇಡಿ.

ಹಳಿಯಾಳ, ಮುಂಡಗೋಡದ ಬೇಸಿಗೆಯಲ್ಲಿ ಫ್ರಿಜ್ಜಿಲ್ಲದವರು ಏನು ಮಾಡಬೇಕು? ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆಯಿಟ್ಟು, ನಡುವೆ ಮರಳು ತುಂಬಿ ನೀರು ಹಾಕಿರಿ. ಸೀಸೆಯನ್ನು ಡಬ್ಬಿಯಲ್ಲಿಟ್ಟು ಒಳಮಡಕೆಯಲ್ಲಿಡಿ; ಒದ್ದೆಬಟ್ಟೆ ಮುಚ್ಚಿ ನೆರಳು, ಗಾಳಿ ಇರುವಲ್ಲಿ ಇಡಿ. ಮರಳು ಒಣಗಬಾರದು ನೋಡ್ರಿ.

ತೆರೆದ ಸೀಸೆಗೆ ಸಾಮಾನ್ಯವಾಗಿ 4 ವಾರವೇ ಆಯುಷ್ಯ. ತೆರೆದ ತಾರೀಖು ಬರೆದಿಡಿ. ಚುಚ್ಚುವ ಮೊದಲು ಕೈ ತೊಳೆಯಿರಿ. ಹಾಲಿನ ಬಣ್ಣದ ಇನ್ಸುಲಿನ್ನನ್ನು ಕುಲುಕದೆ ಅಂಗೈಗಳ ನಡುವೆ ಉರುಳಿಸಿರಿ. ತಿಳಿಯಾಗಿರಬೇಕಾದ್ದು ಮಬ್ಬಾದರೆ ಬಿಟ್ಟುಬಿಡಿ. ಅನುಮಾನ ಬಂದರೆ ಡಾಕ್ಟರರನ್ನು ಕೇಳಿರಿ.