‘ನೆಟ್‌ವರ್ಕ್ ಇಲ್ಲ’



ರಾಮಕುಂಜ, ಆಲಂಕಾರು, ಕಡಬಗಳ ಕಡೆ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತು ‘ನೆಟ್‌ವರ್ಕ್ ಇಲ್ಲ’ ಎಂಬುದು. ಎರಡೇ ಪದಗಳ ಈ ದೂರಿನೊಳಗೆ ಕಡಮೆಯೆಂದರೂ ಮೂರು ಬೇರೆ ಬೇರೆ ಕೊರತೆಗಳು ಅಡಗಿವೆ.

ಅಡಿಕೆ ತೋಟದ ಯಜಮಾನನು ‘ನೀರಿಲ್ಲ’ ಎಂದಷ್ಟೇ ಹೇಳಿ ಸುಮ್ಮನಾಗುವವನಲ್ಲ. ಕೆರೆ ಬತ್ತಿದೆಯೋ, ಪಂಪು ಕೆಟ್ಟಿದೆಯೋ, ಪೈಪು ಕಟ್ಟಿಕೊಂಡಿದೆಯೋ ಎಂದು ಬಿಡಿಸಿ ನೋಡುತ್ತಾನೆ. ದೂರಸಂಪರ್ಕಕ್ಕೂ ಇದೇ ವಿವೇಕ ಬೇಕು.

ಫೋನಿಗೂ ಟವರಿಗೂ ನಡುವೆ ರೇಡಿಯೋ ತರಂಗಗಳಾಗಿ ಹೋಗಿಬರುವುದು ಸಿಗ್ನಲ್, ಸಂಕೇತವೆನ್ನೋಣ. ಊರವರು ‘ರೇಂಜ್’ ಎನ್ನುವುದು ಇದನ್ನೇ. ಗುಡ್ಡವೋ ಮುರಕಲ್ಲಿನ ದಪ್ಪ ಗೋಡೆಯೋ ಅಡ್ಡ ಬಂದರೆ ಅದು ಕ್ಷೀಣಿಸುತ್ತದೆ. ತರಂಗದ ಆವೃತ್ತಿ ಹೆಚ್ಚಿದಷ್ಟೂ ಗೋಡೆ ತೂರುವ, ಗುಡ್ಡ ಬಳಸುವ ಶಕ್ತಿ ಕಡಮೆ. 900 ಮೆಗಾಹರ್ಟ್ಸ್ ನಿಲುಕುವೆಡೆಗೆ 2300 ಮೆಗಾಹರ್ಟ್ಸ್ ಅನೇಕ ವೇಳೆ ನಿಲುಕದು. ‘ಸಂಪರ್ಕಜಾಲ’ವೆಂಬ ಪದವನ್ನು ಟಂಕಿಸಿದವರಿಗೆ ತುಳುವಿನಲ್ಲಿ ‘ಜಾಲ್’ ಎಂದರೆ ಅಂಗಳವೆಂಬುದು ಹೊಳೆದಿರಲಾರದು. ಆದರೆ ಮನೆಯೊಳಗೆ ಸಿಗದ ಸಂಕೇತ ಸಿಗುವುದು ನಮ್ಮಲ್ಲಿ ಜಾಲಿನಲ್ಲಿಯೇ!

ಎರಡನೆಯದು ಬ್ಯಾಂಡ್‌ವಿಡ್ತ್. ಬಳಕೆಯ ಮಾತಿನಲ್ಲಿ, ಒಂದು ಸೆಕೆಂಡಿಗೆ ಎಷ್ಟು ಮಾಹಿತಿ ಸಾಗಬಲ್ಲುದೆಂಬ ಅಳತೆ. ಪೈಪಿನ ಅಗಲವೆಂದು ತಿಳಿಯಿರಿ. ಜಾತ್ರೆಯ ದಿನ ಗೆರೆಗಳೆಲ್ಲ ತುಂಬಿ ಕಂಡರೂ ಚಿತ್ರವೊಂದು ಹೋಗದಿದ್ದರೆ, ಒಂದೇ ಟವರಿಗೆ ಸಾವಿರ ಜನ ಪಾಲುದಾರರಾಗಿದ್ದಾರೆಂದು ಅರ್ಥ. ಮೂರನೆಯದು ಬ್ಯಾಕ್‌ಹಾಲ್, ಟವರನ್ನು ಮುಂದಿನ ಕೇಂದ್ರಕ್ಕೆ ಜೋಡಿಸುವ ಕೊಂಡಿ. ಹಲವೆಡೆ ಅದು ಗಾಜಿನೆಳೆಯ ಕೇಬಲ್; ರಸ್ತೆ ಅಗೆಯುವಾಗ ಕಡಿದುಹೋಗುತ್ತದೆ.

1986ರಲ್ಲಿ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜು ಆರಂಭವಾದಾಗಲೂ ಮನೆಮನೆಯ ಫೋನು ತಂತಿಯದೇ. ಮರ ಬಿದ್ದು ತಂತಿ ಕಡಿದದ್ದು ಕಣ್ಣಿಗೆ ಕಾಣುತ್ತಿತ್ತು. ತರಂಗ ಕಾಣದು; ಕಣ್ಣು ಮಾಡುತ್ತಿದ್ದ ಕೆಲಸವನ್ನು ಈಗ ಪದ ಮಾಡಬೇಕಾಗಿದೆ. ಆದುದರಿಂದ ಪದ ಇಂಗ್ಲಿಷಿನದೋ ಕನ್ನಡದ್ದೋ ಎಂಬ ಜಗಳ ನನಗೆ ಮುಖ್ಯವಲ್ಲ, ಅರ್ಥ ನಿಚ್ಚಳವಿರಬೇಕು.

2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ರಸ್ತೆಬದಿಯಲ್ಲಿ ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ಪತ್ರಿಕೆಗಳಲ್ಲಿ ನೀವು ನೋಡಿರಬೇಕು. ಮನೆಯಲ್ಲಿ ಸಂಕೇತವೇ ಇಲ್ಲದವರಿಗೆ ಹೆಚ್ಚು ವೇಗದ ಯೋಜನೆ ಮಾರಿದರೆ ಏನು ಫಲ? ಬೇಕಾದದ್ದು ಹತ್ತಿರದ ಟವರು.

ಇನ್ನು ಮುಂದೆ ದೂರು ಕೊಡುವಾಗ ಗೆರೆ ಎಷ್ಟಿತ್ತು, ಒಳಗೋ ಅಂಗಳದಲ್ಲೋ, ಯಾವ ಹೊತ್ತಿನಲ್ಲಿ, ಕರೆಂಟಿತ್ತೇ, ನೆರೆಮನೆಯವರಿಗೂ ಹಾಗೆಯೇ ಆಯಿತೇ ಎಂಬುದನ್ನೂ ದಯವಿಟ್ಟು ಬರೆಯಿರಿ.