ಮೊದಲು ಬಾಕ್ಸ್ ಜಾಗ ಬದಲಿಸಿ, ಪ್ಲಾನ್ ಆಮೇಲೆ

ನಿಮ್ಮನೇಲಿ ವೈಫೈ ಬಾಕ್ಸ್ ಎಲ್ಲಿದೆ? ಈ ವಿಡಿಯೋ ನೋಡ್ತಾನೇ ಒಂದ್ಸಲ ಕತ್ತೆತ್ತಿ ನೋಡಿ. ಹೆಚ್ಚುಕಮ್ಮಿ ಮುಂಬಾಗಿಲ ಪಕ್ಕದಲ್ಲೋ, ಟಿವಿ ಶೋಕೇಸ್ ಹಿಂದೆಯೋ, ಚಪ್ಪಲಿ ಸ್ಟ್ಯಾಂಡ್ ಮೇಲೆಯೋ ಇರುತ್ತೆ. ಆ ಜಾಗ ಆರಿಸಿದ್ದು ಯಾರು? ನೀವಲ್ಲ. ಕನೆಕ್ಷನ್ ಕೊಡೋಕೆ ಬಂದ ಹುಡುಗ. ಕಿಟಕಿ ಹತ್ರ ನಿಂತ್ಕೊಂಡು, "ಸರ್, ಇಲ್ಲೇ ಒಂದು ತೂತು ಹೊಡೆದು ಇಲ್ಲೇ ಕೂರಿಸ್ಬಿಡ್ಲಾ?" ಅಂದ. "ಹೂಂ, ಗೋಡೆ ಜಾಸ್ತಿ ಕೆಡಿಸ್ಬೇಡಪ್ಪ" ಅಂದ್ರಿ ನೀವು. ಹಿಂದಿನ ರೂಮಲ್ಲಿ ಮಗಳ ಆನ್‌ಲೈನ್ ಕ್ಲಾಸ್ ಯಾಕೆ ನಿಂತು ನಿಂತು ಬರುತ್ತೆ ಅನ್ನೋದು ಅವತ್ತೇ ತೀರ್ಮಾನ ಆಗೋಯ್ತು.

ಇವತ್ತು ಮನೆ ವೈಫೈ ಬಗ್ಗೆ ಮಾತಾಡೋಣ. ಯಾವ ಕಂಪನಿ ರೂಟರ್ ಒಳ್ಳೇದು ಅಂತ ನಾನು ಹೇಳಲ್ಲ, ಅದನ್ನ ಹೇಳೋಕೆ ಬೇರೆ ಚಾನೆಲ್‌ಗಳು ಬೇಕಾದಷ್ಟಿವೆ. ಮನೇಲಿ ಈಗಾಗ್ಲೇ ಇರೋ ಬಾಕ್ಸ್‌ನಿಂದ ಸರಿಯಾಗಿ ಕೆಲಸ ತಗೊಳ್ಳೋದು ಹೇಗೆ, ಅಷ್ಟೇ ವಿಷಯ.

"ನೆಟ್ ಬರ್ತಿಲ್ಲ" ಅಂತೀವಲ್ಲ, ಆ ಒಂದೇ ಮಾತಲ್ಲಿ ಎರಡು ಬೇರೆ ಬೇರೆ ತೊಂದರೆ ಸೇರ್ಕೊಂಡಿರುತ್ತೆ. ಕಂಬದಿಂದ ನಿಮ್ಮ ಬಾಕ್ಸ್ ತನಕ ಬರೋದು ಇಂಟರ್ನೆಟ್. ಅದು ಕಂಪನಿ ಜವಾಬ್ದಾರಿ. ಬಾಕ್ಸ್‌ನಿಂದ ನಿಮ್ಮ ಫೋನ್ ತನಕ ಗಾಳೀಲಿ ಹೋಗೋದು ವೈಫೈ. ಅಲ್ಲಿ ನಿಮ್ಮ ಗೋಡೆ, ನಿಮ್ಮ ಬೀರು, ನಿಮ್ಮ ಪಕ್ಕದ ಮನೆಯವರು, ಎಲ್ಲರೂ ಪಾಲುದಾರರು. ಫೋನಲ್ಲಿ ಕಾಣೋ ಫುಲ್ ಕಡ್ಡಿ ಈ ಎರಡನೇ ಭಾಗದ ಲೆಕ್ಕ ಮಾತ್ರ. ಹೊರಗಡೆ ಫೈಬರ್ ತುಂಡಾಗಿ ಬಿದ್ದಿದ್ರೂ ಕಡ್ಡಿ ಫುಲ್ ಇರುತ್ತೆ. ಇನ್ನೊಂದು ವಿಚಿತ್ರ ಅಂದ್ರೆ, ಬಾಕ್ಸ್ ಜೋರಾಗಿ ಕೂಗಬಲ್ಲದು, ನಿಮ್ಮ ಫೋನು ಅಷ್ಟು ಜೋರಾಗಿ ಕೂಗಲಾರದು. ಫೋನಿನ ಆಂಟೆನಾ ಚಿಕ್ಕದು, ಬ್ಯಾಟರಿ ಉಳಿಸೋ ಚಿಂತೆ ಬೇರೆ. ಹಾಗಾಗಿ ಬಾಕ್ಸ್ ಹೇಳಿದ್ದು ಫೋನಿಗೆ ಕೇಳಿಸುತ್ತೆ, ಫೋನ್ ಹೇಳಿದ್ದು ಬಾಕ್ಸಿಗೆ ಕೇಳಿಸಲ್ಲ. ಎರಡು ಮೂರು ಕಡ್ಡಿ ಇದ್ದೂ ವಾಟ್ಸಾಪ್ ಫೋಟೋ ಸುತ್ತುತ್ತಾನೇ ಇರೋದಕ್ಕೆ ಇದೂ ಒಂದು ಕಾರಣ.

ಹಾಗಾದ್ರೆ ತಪ್ಪು ಯಾರದ್ದು ಅಂತ ಗೊತ್ತಾಗೋದು ಹೇಗೆ? ಲ್ಯಾಪ್‌ಟಾಪಿದ್ರೆ ಒಂದು ಲ್ಯಾನ್ ಕೇಬಲ್ ತಗೊಂಡು ಸೀದಾ ಬಾಕ್ಸಿಗೆ ಚುಚ್ಚಿ ಸ್ಪೀಡ್ ಟೆಸ್ಟ್ ಮಾಡಿ. ಕೇಬಲಲ್ಲಿ ದುಡ್ಡಿಗೆ ತಕ್ಕಷ್ಟು ವೇಗ ಬಂದ್ರೆ ಕಂಪನಿಯವರನ್ನ ಬೈಯೋದು ನಿಲ್ಲಿಸಿ. ತೊಂದರೆ ಮನೆ ಒಳಗಿದೆ. ಕಸ್ಟಮರ್ ಕೇರ್‌ನವರು "ಪ್ಲಾನ್ ಅಪ್‌ಗ್ರೇಡ್ ಮಾಡ್ಕೊಳ್ಳಿ ಸರ್" ಅಂತಾರೆ. ಮಾಡ್ಕೋಬೇಡಿ. 300 ಎಂಬಿಪಿಎಸ್ ಪ್ಲಾನ್ ಹಾಕಿಸಿಯೂ ಮಲಗೋ ಕೋಣೇಲಿ 40 ತೋರಿಸ್ತಿದೆ ಅಂತ ಕೂಗಾಡೋರನ್ನ ನೋಡಿದೀನಿ. ಅಲ್ಲಿ ಮೋಸ ಯಾರೂ ಮಾಡಿಲ್ಲ. ಯಾಕೆ ಅಂತ ಹೇಳ್ತೀನಿ.

ಈಗಿನ ಬಾಕ್ಸ್‌ಗಳಲ್ಲಿ ಎರಡು ಬ್ಯಾಂಡ್ ಇರುತ್ತೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ವೈಫೈ ಹೆಸರಿನ ಬಾಲದಲ್ಲಿ 5ಜಿ ಅಂತ ಇರೋದು ಈ ಎರಡನೇದು. ಮೊಬೈಲಿನ 5ಜಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ, ಸುಮ್ನೆ ಗೊಂದಲ. 2.4ರ ಅಲೆ ಸುಮಾರು 12 ಸೆಂಟಿಮೀಟರ್ ಉದ್ದ, 5ರದ್ದು ಅದರ ಅರ್ಧಕ್ಕಿಂತ ಕಡಿಮೆ. ಉದ್ದದ ಅಲೆ ಗೋಡೆ ದಾಟಿ ದೂರ ಹೋಗುತ್ತೆ, ಆದ್ರೆ ಅದರಲ್ಲಿ ಜಾಗ ಕಮ್ಮಿ. ವೈಫೈ 4 ಕಾಲದ ಫೋನಿಗೆ 2.4ರಲ್ಲಿ ಒಂದು ಆಂಟೆನಾಗೆ ಕಾಗದದ ಮೇಲೆ ಸಿಗೋದೇ 72 ಎಂಬಿಪಿಎಸ್, ಕೈಗೆ ಬರೋದು ಅದರ ಅರ್ಧದಷ್ಟು. ಈಗ ಅರ್ಥ ಆಯ್ತಾ, ಆ 40 ಎಲ್ಲಿಂದ ಬಂತು ಅಂತ? ಪ್ಲಾನನ್ನ ಸಾವಿರಕ್ಕೆ ಏರಿಸಿದ್ರೂ ಆ ಕೋಣೇಲಿ ಅದು 40ರಲ್ಲೇ ಇರುತ್ತೆ. ಹಾಗೇ ಇನ್ನೊಂದು ಲೆಕ್ಕ: ಎಂಬಿಪಿಎಸ್ ಅಂದ್ರೆ ಮೆಗಾಬಿಟ್. ಡೌನ್‌ಲೋಡ್ ಆಗುವಾಗ ಕಾಣೋದು ಮೆಗಾಬೈಟ್. ಎಂಟರಿಂದ ಭಾಗಿಸ್ಬೇಕು. 100ರ ಪ್ಲಾನಲ್ಲಿ ಸೆಕೆಂಡಿಗೆ 12.5 ಎಂಬಿ ಬಂದ್ರೆ ಅದು ಪೂರ್ತಿ ವೇಗವೇ.

ಅಂದಹಾಗೆ 2004ರಲ್ಲಿ ನಮ್ಮ ದೇಶದ ಬ್ರಾಡ್‌ಬ್ಯಾಂಡ್ ನೀತಿ ಬಂದಾಗ 256 ಕೆಬಿಪಿಎಸ್ ಬಂದ್ರೆ ಅದನ್ನ ಬ್ರಾಡ್‌ಬ್ಯಾಂಡ್ ಅಂತಿದ್ರು. ಲ್ಯಾಂಡ್‌ಲೈನ್ ಫೋನ್ ಪಕ್ಕ ಮೋಡೆಮ್, ಅದರ ಪಕ್ಕ ಒಂದು ಕಂಪ್ಯೂಟರ್. ಎಲ್ಲಿಡ್ಬೇಕು ಅನ್ನೋ ಪ್ರಶ್ನೆಯೇ ಇರ್ಲಿಲ್ಲ. ಈಗ ಬಾಕ್ಸ್ ಬಾಗಿಲಲ್ಲೇ ಉಳೀತು, ಬಳಸೋರು ಮನೆ ತುಂಬಾ ಹರಡಿದ್ರು.

ಈಗ ಗೋಡೆ ವಿಷಯಕ್ಕೆ ಬರ್ತೀನಿ, ನನಗೆ ತುಂಬಾ ಆಸಕ್ತಿ ಇರೋದು ಇಲ್ಲೇ. ರೂಟರ್ ಡಬ್ಬದ ಮೇಲೆ ಇಷ್ಟು ಚದರಡಿಗೆ ಸಾಕು ಅಂತ ಬರೆದಿರ್ತಾರಲ್ಲ, ಅದರಲ್ಲಿ ತುಂಬಾ ಅಮೆರಿಕದ ಮನೆ ಲೆಕ್ಕ. ಅಲ್ಲಿನ ಒಳಗೋಡೆ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದಿದ್ದು. ನಮ್ಮದು ಇಟ್ಟಿಗೆ, ಕಾಂಕ್ರೀಟ್ ಬ್ಲಾಕ್, ಎರಡೂ ಕಡೆ ಸಿಮೆಂಟ್ ಗಿಲಾಯಿ. ಮಂಗಳೂರು ಕಡೆ ಹೋದ್ರೆ ಕೆಂಪು ಕಲ್ಲು. ಹಳೇ ತೊಟ್ಟಿ ಮನೆಗಳಲ್ಲಿ ಒಂದೂವರೆ ಅಡಿ ಮಣ್ಣಿನ ಗೋಡೆ. 5 ಗಿಗಾಹರ್ಟ್ಸ್ ಅಲೆ ಇಂಥ ಎರಡು ಗೋಡೆ ದಾಟೋ ಹೊತ್ತಿಗೆ ಹೆಚ್ಚೇನೂ ಉಳಿದಿರಲ್ಲ. ಮಹಡಿಗೆ ಹೋಗೋದಂತೂ ಇನ್ನೂ ಕಷ್ಟ, ಆರ್‌ಸಿಸಿ ಒಳಗಡೆ ಕಬ್ಬಿಣದ ಜಾಲರಿ ಇರುತ್ತಲ್ಲ. ಕಬ್ಬಿಣ ಅಲೆಯನ್ನ ಹಿಂದಕ್ಕೆ ತಳ್ಳುತ್ತೆ. ಬಟ್ಟೆ ತುಂಬಿದ ಕಬ್ಬಿಣದ ಬೀರು, ಅದಕ್ಕೊಂದು ಆಳೆತ್ತರದ ಕನ್ನಡಿ, ಅದರ ಹಿಂದೆ ಬಾಕ್ಸ್: ಇದು ಎಷ್ಟೋ ಮನೆಗಳ ಸ್ಥಿತಿ. ನೀರೂ ಶತ್ರುವೇ. ಫಿಶ್ ಟ್ಯಾಂಕ್ ಮಗ್ಗುಲಲ್ಲಿ ಇಟ್ಟವರು ಎತ್ತಿಡಿ. ಮೈಕ್ರೋವೇವ್ ಓವನ್ ಕೆಲಸ ಮಾಡೋದು 2.45 ಗಿಗಾಹರ್ಟ್ಸ್‌ನಲ್ಲಿ, ಅಂದ್ರೆ ನಿಮ್ಮ ವೈಫೈ ಇರೋ ಓಣೀಲೇ. ಸಾರು ಬಿಸಿ ಮಾಡೋವಾಗ ವಿಡಿಯೋ ಕಾಲ್ ಕಟ್ ಆಗೋದು ಕಾಕತಾಳೀಯ ಅಲ್ಲ.

ಬಾಕ್ಸ್‌ನ ಹೊರಗೆ ನಿಂತಿರೋ ಕಡ್ಡಿಗಳ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ಕಡ್ಡಿ ತುದಿಯಿಂದ ಸಿಗ್ನಲ್ ಚಿಮ್ಮುತ್ತೆ ಅಂತ ಅದನ್ನ ರೂಮಿನ ಕಡೆಗೆ ಗುರಿಯಿಟ್ಟು ಬಗ್ಗಿಸಿರ್ತಾರೆ. ಉದ್ದಿನ ವಡೆ ತೂತಿಗೆ ಒಂದು ಕಡ್ಡಿ ಸಿಗಿಸಿ ನಿಲ್ಲಿಸಿದ್ರೆ ಹೇಗೆ ಕಾಣುತ್ತೋ, ಸಿಗ್ನಲ್ ಹರಡೋದು ಆ ವಡೆ ಆಕಾರದಲ್ಲಿ. ಸುತ್ತ ಹೆಚ್ಚು, ತುದಿ ಕಡೆ ತೀರಾ ಕಮ್ಮಿ. ಅಂದ್ರೆ ಒಂದೇ ಮಹಡಿ ಮನೆಗೆ ಕಡ್ಡಿಗಳು ನೆಟ್ಟಗೆ ನಿಲ್ಲಲಿ. ಮೇಲಿನ ಮಹಡಿಗೂ ಬೇಕು ಅಂದ್ರೆ ಒಂದನ್ನ ಅಡ್ಡ ಮಲಗಿಸಿ. ಬಾಕ್ಸ್ ನೆಲದ ಮೇಲೆ ಬೇಡ, ಎದೆ ಎತ್ತರದಿಂದ ಮೇಲಿರಲಿ, ಮನೆ ನಡುವಿಗೆ ಆದಷ್ಟು ಹತ್ರ, ಸುತ್ತ ತೆರೆದಿರಲಿ. ಕೆಲವರು ಚೆನ್ನಾಗಿ ಕಾಣಲ್ಲ ಅಂತ ಬಾಗಿಲಿರೋ ಕಪಾಟಿನೊಳಗೆ ಇಡ್ತಾರೆ. ಕಾಣದೇ ಇರ್ಲಿ, ಆದ್ರೆ ಬೇಸಿಗೇಲಿ ಅದು ಒಳಗೆ ಕಾದು ಕಾದು ತಾನಾಗೇ ರೀಸ್ಟಾರ್ಟ್ ಆಗ್ತಿದ್ರೆ ಆಶ್ಚರ್ಯ ಪಡಬೇಡಿ.

ಅಪಾರ್ಟ್‌ಮೆಂಟಲ್ಲಿರೋರ ಕಥೆ ಬೇರೆ. 2.4 ಬ್ಯಾಂಡ್ ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಯಾರು ಬೇಕಾದ್ರೂ ಬಳಸಬಹುದಾದದ್ದು. ಬ್ಲೂಟೂತ್ ಅಲ್ಲೇ, ಅಗ್ಗದ ಸ್ಮಾರ್ಟ್ ಬಲ್ಬ್, ಸಿಸಿಟಿವಿ ಕ್ಯಾಮೆರಾ ಅಲ್ಲೇ, ಮೇಲಿನ, ಕೆಳಗಿನ, ಎದುರು ಫ್ಲಾಟಿನ ರೂಟರ್‌ಗಳೂ ಅಲ್ಲೇ. ಸೆಟ್ಟಿಂಗ್ಸಲ್ಲಿ 1ರಿಂದ 13ರ ತನಕ ಚಾನೆಲ್ ಕಾಣುತ್ತೆ, ಆದ್ರೆ ಒಂದರ ಮೇಲೊಂದು ಬೀಳದೆ ಇರೋದು 1, 6, 11 ಮೂರೇ. ಒಂದು ಚಾನೆಲಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು, ಉಳಿದವರು ಕಾಯಬೇಕು. ರಾತ್ರಿ ಒಂಬತ್ತಕ್ಕೆ ಇಡೀ ಬ್ಲಾಕ್ ಕ್ರಿಕೆಟ್ ನೋಡೋಕೆ ಕೂತಾಗ ಹೇಗಿರುತ್ತೆ ಊಹಿಸಿ. ಇಂಥ ಕಡೆ ಗೋಡೆ ದಾಟಲಾರದ 5 ಗಿಗಾಹರ್ಟ್ಸೇ ವರ, ಪಕ್ಕದ ಮನೆಯವರದ್ದೂ ನಿಮ್ಮ ಗೋಡೆ ದಾಟಿ ಬರಲ್ಲವಲ್ಲ. ಇನ್ನು "ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಅನ್ನೋ ಮಂತ್ರ ಇದೆಯಲ್ಲ, ಅದನ್ನ ಆಡಿಕೊಳ್ಳಬೇಡಿ. ಚಾನೆಲ್ ಆಟೋದಲ್ಲಿದ್ರೆ ಎಷ್ಟೋ ಬಾಕ್ಸ್‌ಗಳು ಆನ್ ಆಗುವಾಗಲೇ ಸುತ್ತ ನೋಡಿ ಕಮ್ಮಿ ಗದ್ದಲ ಇರೋದನ್ನ ಆರಿಸ್ಕೊಳ್ಳುತ್ತೆ. ಆ ಮಂತ್ರ ಕೆಲಸ ಮಾಡೋದಕ್ಕೆ ಕಾರಣ ಇದೆ.

ಮಲೆನಾಡು, ಕರಾವಳಿ ಕಡೆಯವರಿಗೆ ಇದೆಲ್ಲಕ್ಕಿಂತ ದೊಡ್ಡ ತಲೆನೋವು ಕರೆಂಟು ಮತ್ತು ಮಳೆ. 2020ರ ಲಾಕ್‌ಡೌನಲ್ಲಿ ಬೆಂಗಳೂರಿಂದ ಊರಿಗೆ ಬಂದು ತೋಟದ ಮನೇಲಿ ಕೂತು ಆಫೀಸ್ ಕೆಲಸ ಮಾಡಿದವರಿಗೆ ಗೊತ್ತು. ಅಡಿಕೆ ಮರದಿಂದ ಅಡಿಕೆ ಮರಕ್ಕೆ ಕಟ್ಟಿದ ಫೈಬರ್, ಒಂದು ಸೋಗೆ ಬಿದ್ರೆ ಮುಗೀತು. ಬಾಕ್ಸಲ್ಲಿ ಎಲ್‌ಓಎಸ್ ಅಂತ ಬರೆದ ಕೆಂಪು ದೀಪ ಮಿನುಗ್ತಿದ್ರೆ ಹೊರಗಿಂದ ಬೆಳಕೇ ಬರ್ತಿಲ್ಲ ಅಂತರ್ಥ. ಆಗ ಬಾಕ್ಸನ್ನ ಎಷ್ಟು ಸಲ ಆಫ್ ಆನ್ ಮಾಡಿದ್ರೂ ಪ್ರಯೋಜನ ಇಲ್ಲ, ಲೈನ್‌ಮ್ಯಾನ್‌ಗೇ ಫೋನ್ ಮಾಡಬೇಕು. ಅದಕ್ಕೆ ಮುಂಚೆ ಮನೆಯೊಳಗಿನ ವೈರ್ ಬಾಗಿಲ ಸಂದಿಗೆ ಸಿಕ್ಕಿದೆಯಾ, ಸೋಫಾ ಕಾಲಡಿ ಮಡಚಿಕೊಂಡಿದೆಯಾ ನೋಡಿ. ಬೆಳಕು ಓಡೋ ಗಾಜಿನ ಎಳೆ ಒಳಗೆ ಬರೀ 9 ಮೈಕ್ರಾನ್ ದಪ್ಪ, ಚೂಪಾಗಿ ಬಗ್ಗಿಸಿದ್ರೆ ಬೆಳಕು ಅಲ್ಲೇ ಸೋರಿ ಹೋಗುತ್ತೆ. ಕಿತ್ತ ತುದಿಯನ್ನ ಕಣ್ಣಿಗೆ ಹಿಡಿದು "ಬೆಳಕು ಬರ್ತಿದೆಯಾ" ಅಂತ ಮಾತ್ರ ನೋಡಬೇಡಿ. ಅದು ಕಣ್ಣಿಗೆ ಕಾಣದ ಲೇಸರ್.

ಊರಿಗೆಲ್ಲ ಕರೆಂಟ್ ಹೋದಾಗ ನೆಟ್ಟೂ ಹೋಗಲೇಬೇಕು ಅಂತೇನಿಲ್ಲ. ಹೆಚ್ಚಿನ ಫೈಬರ್ ಜಾಲದಲ್ಲಿ ಕೇಂದ್ರದಿಂದ ನಿಮ್ಮನೆ ತನಕ ನಡುವೆ ಇರೋ ಸ್ಪ್ಲಿಟರ್‌ಗೆ ವಿದ್ಯುತ್ತೇ ಬೇಡ, ಅದು ಬೆಳಕನ್ನ ಹಂಚೋ ಗಾಜು ಅಷ್ಟೇ. ಆ ತುದೀಲಿ ಜನರೇಟರ್ ಓಡ್ತಿದ್ದು ಈ ತುದೀಲಿ ನಿಮ್ಮ ಬಾಕ್ಸ್ ಉರೀತಿದ್ರೆ ಸಾಕು. ಬಾಕ್ಸ್‌ಗೆ ಬೇಕಿರೋದು ಸಾಮಾನ್ಯವಾಗಿ 12 ವೋಲ್ಟ್. ರೂಟರ್‌ಗೆ ಅಂತಲೇ ಸಿಗೋ ಪುಟ್ಟ ಯುಪಿಎಸ್ ತಂದಿಟ್ರೆ ಕೆಲವು ಗಂಟೆ ನಿಶ್ಚಿಂತೆ. ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ನೋಡ್ಕೊಂಡು ತನ್ನಿ. ಇನ್ವರ್ಟರ್ ಇದ್ದೂ ಕರೆಂಟ್ ಹೋದಾಗಲೆಲ್ಲ ಬಾಕ್ಸ್ ರೀಸ್ಟಾರ್ಟ್ ಆಗುತ್ತೆ ಅನ್ನೋರು ಇನ್ವರ್ಟರಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದೆಯಾ ಹುಡುಕಿ. ಅದನ್ನ ಹಾಕಿದ್ರೆ ಇನ್ವರ್ಟರ್ ಬ್ಯಾಟರಿಗೆ ಬೇಗ ಬದಲಾಗುತ್ತೆ. ಆದ್ರೆ ವೋಲ್ಟೇಜ್ ಇಳಿಯೋ ಹಳ್ಳಿಗಳಲ್ಲಿ ಆ ಮೋಡಲ್ಲಿ ಸುಮ್ಮಸುಮ್ಮನೆ ಬ್ಯಾಟರಿಗೆ ಹೋಗೋ ಕಾಟ ಉಂಟು, ಅದಕ್ಕೇ ಪುಟ್ಟ ಯುಪಿಎಸ್ ವಾಸಿ ಅಂತ ನನ್ನ ಅಭಿಪ್ರಾಯ. ಗುಡುಗು ಸಿಡಿಲು ಶುರುವಾದ್ರೆ ಪ್ಲಗ್ ಕೀಳೋ ನಮ್ಮ ಅಜ್ಜಿಯಂದಿರ ಪದ್ಧತಿ ಸರಿಯೇ. ಗಾಜಿನ ಎಳೇಲಿ ವಿದ್ಯುತ್ ಹರಿಯಲ್ಲ, ಆದ್ರೆ ಅಡಾಪ್ಟರ್ ಮೂಲಕ, ತಾರಸಿ ಮೇಲಿಂದ ತಾಮ್ರದ ಲ್ಯಾನ್ ಕೇಬಲ್ ಎಳೆದಿದ್ರೆ ಅದರ ಮೂಲಕ, ಬಂದೇ ಬರುತ್ತೆ.

ಇಷ್ಟೆಲ್ಲ ಮಾಡಿದ್ರೂ ಹಿಂದಿನ ರೂಮಿಗೆ ತಲುಪ್ತಿಲ್ಲ ಅಂದ್ರೆ? ಎಲ್ಲರೂ ಮೊದಲು ಕೊಳ್ಳೋದು ಪ್ಲಗ್‌ಗೆ ಸಿಗಿಸೋ ರಿಪೀಟರ್. ಕೊಂಡು, ಸಿಗ್ನಲ್ ಇಲ್ಲದ ರೂಮಲ್ಲೇ ಹಾಕ್ತಾರೆ. ತನಗೇ ಕೇಳಿಸದ್ದನ್ನ ಅದು ಇನ್ನೊಬ್ಬರಿಗೆ ಏನು ಹೇಳೀತು? ಅರ್ಧ ದಾರೀಲಿ ಹಾಕಿದ್ರೂ, ಒಂದೇ ಬ್ಯಾಂಡಿನದಾದ್ರೆ ಕೇಳೋದೂ ಹೇಳೋದೂ ಒಂದೇ ಚಾನೆಲಲ್ಲಾದ್ದರಿಂದ ವೇಗ ಅರ್ಧಕ್ಕೆ ಇಳಿಯುತ್ತೆ. ನನ್ನ ಕೇಳಿದ್ರೆ, ಬೇಸರ ಬರಿಸೋ ಉತ್ತರವೇ ಸರಿಯಾದ ಉತ್ತರ: ಒಂದು ಲ್ಯಾನ್ ಕೇಬಲ್ ಎಳೆಯಿರಿ. ಕ್ಯಾಟ್ 5ಇ ಅಥವಾ ಕ್ಯಾಟ್ 6, 100 ಮೀಟರ್ ತನಕ 1 ಗಿಗಾಬಿಟ್ ಸಲೀಸಾಗಿ ಹೋಗುತ್ತೆ. ಆ ತುದೀಲಿ ಮನೇಲಿ ಬಿದ್ದಿರೋ ಹಳೇ ರೂಟರನ್ನ ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ ಸಿಗಿಸಿ. ಹೆಸರು, ಪಾಸ್‌ವರ್ಡ್ ಮೊದಲಿನದೇ ಕೊಡಿ, ಫೋನ್ ತಾನೇ ಹತ್ತಿರದ್ದಕ್ಕೆ ಅಂಟಿಕೊಳ್ಳೋಕೆ ನೋಡುತ್ತೆ. ಆ ಹಳೇ ರೂಟರಿನ ಪೋರ್ಟ್ 100 ಎಂಬಿಪಿಎಸ್‌ನದ್ದಾಗಿದ್ರೆ ಅಲ್ಲಿ ಅದಕ್ಕಿಂತ ಹೆಚ್ಚು ಬರಲ್ಲ, ಅಷ್ಟೇ. ಮನೆಯವರೆಲ್ಲ ಒಟ್ಟಿಗೆ ವಿಡಿಯೋ ನೋಡೋಕೆ ಅದು ಧಾರಾಳ.

ಪಾಸ್‌ವರ್ಡ್ ಬಗ್ಗೆ ಎರಡು ಮಾತು. ಕನೆಕ್ಷನ್ ಕೊಟ್ಟ ಹುಡುಗ ನಿಮ್ಮ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ ಹೋಗಿರ್ತಾನೆ. ಬೀದಿಗೆಲ್ಲ ಗೊತ್ತಿರೋ ನಂಬರ್ ಅದು. ಬೇರೆಯವರು ನಿಮ್ಮ ವೈಫೈ ಬಳಸಿದ್ರೆ ಏನಾಗಬಹುದು ಅನ್ನೋದಕ್ಕೆ ಒಂದು ಉದಾಹರಣೆ ಹೇಳ್ತೀನಿ. 2008ರ ಜುಲೈ 26ರಂದು ಅಹಮದಾಬಾದ್ ಸ್ಫೋಟಕ್ಕೆ ನಿಮಿಷಗಳ ಮುಂಚೆ ಹೋದ ಬೆದರಿಕೆ ಇಮೇಲ್‌ನ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈನ ಒಂದು ಮನೆಗೆ. ಆ ಮನೆ ವೈಫೈಗೆ ಭದ್ರತೆ ಇರ್ಲಿಲ್ಲ, ಯಾರೋ ಬಳಸಿಕೊಂಡಿದ್ರು. ಬಾಕ್ಸ್ ಅಡೀಲಿ ಅಂಟಿಸಿರೋ ಚೀಟೀಲಿ 192.168.1.1 ಥರದ ವಿಳಾಸ ಇರುತ್ತೆ, ಬ್ರೌಸರಲ್ಲಿ ಹಾಕಿ ಒಳಗೆ ಹೋಗಿ. ವೈಫೈ ಪಾಸ್‌ವರ್ಡ್ ಬದಲಿಸಿ, ಅದಕ್ಕಿಂತ ಮುಖ್ಯವಾಗಿ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಭದ್ರತೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ಬೇಸಿಗೆ ರಜೆಗೆ ಬರೋ ನೆಂಟರ ಮಕ್ಕಳಿಗೆ ಗೆಸ್ಟ್ ನೆಟ್‌ವರ್ಕ್ ಅಂತ ಬೇರೆ ಮಾಡಿಕೊಡಿ, ಕೇಳಿದಾಗ ಇಲ್ಲ ಅನ್ನೋ ಮುಜುಗರವೂ ಇರಲ್ಲ.

ಕೊನೇದಾಗಿ, ಈಗ ಮನೆ ಕಟ್ಟಿಸ್ತಿರೋರಿಗೆ ಒಂದು ಕೋರಿಕೆ. ಗಿಲಾಯಿ ಆಗೋಕೆ ಮುಂಚೆ ಎಲೆಕ್ಟ್ರಿಷಿಯನ್ ಅಣ್ಣನ ಹತ್ರ ಹೇಳಿ, ಹೊರಗಿನ ಗೋಡೆಯಿಂದ ಹಾಲಿನ ನಡುವಿಗೆ ಒಂದು ಖಾಲಿ ಪೈಪ್, ಅಲ್ಲಿಂದ ಪ್ರತಿ ಮಹಡಿಗೂ ಒಂದೊಂದು, ಪಕ್ಕದಲ್ಲಿ ಒಂದು ಪ್ಲಗ್ ಪಾಯಿಂಟ್ ಬಿಡೋಕೆ. ಕರೆಂಟ್ ವೈರ್ ಹೋಗೋ ಪೈಪಲ್ಲೇ ಇದನ್ನೂ ತುರುಕಬೇಡ ಅಂತಲೂ ಹೇಳಿ. ಈಗ ಅದರ ಖರ್ಚು ಕೆಲವು ಪೈಪಿನದ್ದು ಮಾತ್ರ. ಬಣ್ಣ ಹೊಡೆದ ಮೇಲೆ ಗೋಡೆ ಕೊರೆಸೋಕೆ ಮನೇಲಿ ಯಾರೂ ಒಪ್ಪಲ್ಲ.