ಹನ್ನೆರಡು ಪೈಸೆಯ ಓಟ

ಲೆಡ್ಜರಿನಲ್ಲಿ ಹನ್ನೆರಡು ಪೈಸೆ ತಾಳೆಯಾಗದೆ ರಾತ್ರಿಯವರೆಗೆ ಕುಳಿತು ಹುಡುಕಿದವನು ನಾನು. ಮಲೇಷ್ಯದ ಓಟಗಾರರಿಗಾದರೋ ಸೆಕೆಂಡಿನ ನೂರರಲ್ಲಿ ಹನ್ನೆರಡು ಪಾಲು ಸಿಕ್ಕಲು ಹದಿನೆಂಟು ವರ್ಷ ಹಿಡಿಯಿತು! ಸರವಾಕ್ ಪ್ರಾಂತ್ಯದ ವಾಟ್ಸನ್ ನ್ಯಾಂಬೆಕ್ 1998ರಲ್ಲಿ ನೂರು ಮೀಟರನ್ನು 10.30 ಸೆಕೆಂಡಿನಲ್ಲಿ ಓಡಿದ್ದರು. ಅದೇ ವರ್ಷ ಹುಟ್ಟಿದವನು ಮಲಾಕ್ಕಾದ ಖೈರುಲ್ ಹಾಫಿಜ್ ಜಂತಾನ್. 2016ರ ಜುಲೈಯಲ್ಲಿ, ವಾಟ್ಸನ್‌ರ ಅದೇ ಸರವಾಕ್‌ನ ಕೂಚಿಂಗ್‌ನಲ್ಲಿ, ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಈ ಹುಡುಗ 10.18ಕ್ಕೆ ಗೆರೆ ಮುಟ್ಟಿದ.

ದಾಖಲೆ ಬೇರೆ, ಪದಕ ಬೇರೆ ನೋಡಿ. 2017ರಲ್ಲಿ ಕೌಲಾಲಂಪುರದ ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ ಅವನು ಓಡಿದ್ದು 10.38, ವಾಟ್ಸನ್‌ರಿಗಿಂತಲೂ ನಿಧಾನ. ಆದರೂ ಚಿನ್ನ ಅವನದೇ. 2003ರ ನಂತರ ಆ ಓಟದಲ್ಲಿ ಮಲೇಷ್ಯಕ್ಕೆ ಸಿಕ್ಕ ಮೊದಲ ಚಿನ್ನ. 2022ರಲ್ಲಿ ಕೊಲಂಬಿಯದ ಕಾಲಿಯಲ್ಲಿ ಅಜೀಮ್ ಫಹ್ಮಿ 10.09 ಓಡಿ ಆ 10.18ನ್ನೂ ದಾಟಿದ. ಅವನಿಗೂ ಆಗ ಹದಿನೆಂಟೇ.